ಕವಣೆ ಬೀಸಲು ಕಲಿಯುವವರಿಗೆ: ಹುರಿ, ಉಂಡೆ, ಬಯಲು, ಒಂದೇ ಸುತ್ತು

ಎರಡು ಹುರಿ, ನಡುವೆ ಕಲ್ಲು ಕೂರುವ ಒಂದು ತೊಟ್ಟಿಲು. ಕವಣೆ ಎಂದರೆ ಇಷ್ಟೇ. ಕವಲುಕೋಲಿಗೆ ರಬ್ಬರ್ ಕಟ್ಟಿದ ಕ್ಯಾಟರ್‌ಬಿಲ್ಲಿಗೂ ಕೆಲವರು ಕವಣೆ ಎನ್ನುವುದುಂಟು. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಗಿಳಿ, ಗುಬ್ಬಿಗಳ ಹಿಂಡು ಎಬ್ಬಿಸಲು ಬೀಸುತ್ತಿದ್ದರಲ್ಲ, ಆ ಕವಣೆ. ಆದರೆ ಹಕ್ಕಿ ಕಾಯುವವರಿಗೆ ಕಲ್ಲು ಹಿಂಡು ಇಳಿದ ದಿಕ್ಕಿಗೆ ಹೋದರೆ ಸಾಕಿತ್ತು. ಹವ್ಯಾಸಕ್ಕೆ ಕಲಿಯುವವರಿಗೆ ಹಾಗಲ್ಲ, ನೆಟ್ಟ ಗುರಿಗೆ ತಾಗಬೇಕು. ಕಷ್ಟ ಇರುವುದು ಅಲ್ಲೇ, ರುಚಿ ಇರುವುದೂ ಅಲ್ಲೇ.

ಇದಕ್ಕೆ ತೋಳಿನ ಬಲ ಬೇಕು ಅನ್ನುವುದು ಹೊಸಬರ ಮೊದಲ ತಪ್ಪು ಎಣಿಕೆ. ಬೇಕಾದದ್ದು ಬಿಡುವ ಕ್ಷಣದ ಹದ. ಸ್ವಲ್ಪ ಲೆಕ್ಕ ನೋಡಿ. ಸಾಧಾರಣ ಎಸೆತದಲ್ಲಿ ಕಲ್ಲು ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಕೈ ಮತ್ತು ಹುರಿ ಸೇರಿ ಸುತ್ತಿನ ತ್ರಿಜ್ಯ ಸುಮಾರು 1 ಮೀಟರ್. ಆಗ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಕಲ್ಲು 14 ಡಿಗ್ರಿ ತಿರುಗಿಬಿಡುತ್ತದೆ. 10 ಮೀಟರ್ ದೂರದ ಗುರಿಯಲ್ಲಿ 14 ಡಿಗ್ರಿ ಎಂದರೆ ಎರಡೂವರೆ ಮೀಟರ್ ಆಚೆ. ಅಷ್ಟು ಸಣ್ಣ ಹೊತ್ತನ್ನು ಯೋಚಿಸಿ ಹಿಡಿಯಲು ಯಾರಿಗೂ ಆಗದು, ಮೈಗೆ ರೂಢಿಯಾಗಬೇಕು. ರೂಢಿಯಾಗಬೇಕಾದರೆ ಪ್ರತಿ ಎಸೆತವೂ ಒಂದೇ ಥರ ಇರಬೇಕು: ಅದೇ ಕವಣೆ, ಅದೇ ತೂಕದ ಉಂಡೆ (ಎಸೆಯುವ ಚೆಂಡೋ ಮಣ್ಣುಂಡೆಯೋ ಕಲ್ಲೋ), ಅದೇ ನಿಲುವು, ಅದೇ ಒಂದು ಸುತ್ತು. ಮುಂದೆ ಬರುವ ಅಳತೆಗಳೆಲ್ಲ ಇದಕ್ಕಾಗಿ.

ಮೊದಲು ಬಯಲು

ಕವಣೆ ಮಾಡಿಕೊಂಡ ಮೇಲೆ ಜಾಗ ಹುಡುಕುವುದಲ್ಲ, ಜಾಗ ಸಿಕ್ಕಿದ ಮೇಲೆ ಕವಣೆ ಮಾಡಿಕೊಳ್ಳಿ. ಕ್ರಿಕೆಟ್ ಚೆಂಡು ಕೈತಪ್ಪಿದರೂ ಹೆಚ್ಚುಕಡಿಮೆ ಮುಂದಕ್ಕೇ ಹೋಗುತ್ತದೆ. ಕವಣೆಯದು ಹಾಗಲ್ಲ: ಹೊಸಬರ ಉಂಡೆ ಬಲಕ್ಕೆ, ಎಡಕ್ಕೆ, ನೆತ್ತಿಯ ಮೇಲಕ್ಕೆ, ಕೊನೆಗೆ ಬೆನ್ನ ಹಿಂದಕ್ಕೂ ಹೋಗುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದ ಕಲ್ಲು ಸರಿಯಾದ ಕೋನದಲ್ಲಿ ಹೊರಟರೆ 60 ಮೀಟರ್ ದಾಟುತ್ತದೆ. ಕೈ ಪಳಗಿದ ಮೇಲೆ 100 ಮೀಟರ್ ದೊಡ್ಡ ಮಾತಲ್ಲ. ಆದ್ದರಿಂದ ಕಲ್ಲು ಎಸೆಯುವ ಬಯಲಿನಲ್ಲಿ ಮುಂದೆ 150 ಮೀಟರ್, ಹಿಂದೆ ಮತ್ತು ಎರಡೂ ಪಕ್ಕ 60 ಮೀಟರ್ ಖಾಲಿ ಇರಬೇಕು. ಬರೀ ಟೆನ್ನಿಸ್ ಚೆಂಡಿನ ಅಭ್ಯಾಸವಾದರೆ ಒಂದು ಫುಟ್‌ಬಾಲ್ ಮೈದಾನದಷ್ಟು ಸಾಕು, ಅದೂ ಬೇರೆ ಯಾರೂ ಆಡದ ಹೊತ್ತಿನಲ್ಲಿ.

ಬಯಲುಸೀಮೆಯಲ್ಲಿ ಕೊಯ್ಲಾದ ಹೊಲ ಒಳ್ಳೆಯ ಜಾಗ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಇನ್ನೂ ಒಳ್ಳೆಯದು. ಕೆರೆಯಂಗಳದ ಮಣ್ಣು ಕಲ್ಲು ಬಿದ್ದ ಕಡೆ ಧೂಳೆಬ್ಬಿಸಿ ಗುರುತು ತೋರಿಸುತ್ತದೆ, ಕಲ್ಲು ಪುಟಿಯುವುದೂ ಕಡಿಮೆ. ಬಂಡೆ, ಡಾಂಬರು, ಕಾಂಕ್ರೀಟಿನ ಮೇಲೆ ಕಲ್ಲು ಎಲ್ಲಿಗೆ ಪುಟಿಯುತ್ತದೋ ಹೇಳಲಾಗದು. ಹೊಲದವರ ಒಪ್ಪಿಗೆ ಕೇಳಿ. ಬಿತ್ತನೆಗೆ ಮೊದಲು ನಿಮ್ಮ ಕಲ್ಲುಗಳನ್ನು ನೀವೇ ಆರಿಸಿ ತೆಗೆಯುವುದಾಗಿ ಹೇಳಿ, ಹೇಳಿದಂತೆ ತೆಗೆಯಿರಿ. ದನ, ಕುರಿ ಮೇಯುವ ಹೊತ್ತು, ಬಟ್ಟೆ ಒಗೆಯುವವರು ಬರುವ ಹೊತ್ತು, ಬದುವಿನ ಮೇಲಿನ ಕಾಲುದಾರಿ ಇವನ್ನು ಮೊದಲೇ ತಿಳಿದುಕೊಳ್ಳಿ. ಕರೆಂಟ್ ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್), ಸೋಲಾರ್ ಫಲಕ, ಕಿಟಕಿ ಗಾಜು, ನಿಲ್ಲಿಸಿದ ಗಾಡಿ ಯಾವ ದಿಕ್ಕಿನಲ್ಲೂ ಅಳತೆಯೊಳಗೆ ಇರಬಾರದು. ಆಲ, ಅರಳಿ, ಬೂರುಗದ ಮರ ಇದ್ದರೆ ಕತ್ತೆತ್ತಿ ನೋಡಿ. ಕೊಂಬೆಗೆ ಹೆಜ್ಜೇನಿನ ಹುಟ್ಟು ಜೋತಿದ್ದರೆ ಆ ಬಯಲಿನ ಆಸೆ ಬಿಡಿ.

ಹಕ್ಕಿ, ಪ್ರಾಣಿಗಳಿಗೆ ಗುರಿ ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಕಾರಣ. ಅದಕ್ಕಿಂತ ಸರಳ ಕಾರಣ, ನೆಟ್ಟ ಗುರಿಯಲ್ಲಿ ಹೊರತು ಎಲ್ಲಿ ತಪ್ಪಿತೆಂದು ಅಳೆಯಲು ಬರುವುದಿಲ್ಲ.

ಕವಣೆಯ ಅಳತೆ

ಒಂದು ಹುರಿಯ ತುದಿಯಲ್ಲಿ ಬೆರಳಿಗೆ ಹಾಕುವ ಕುಣಿಕೆ ಇರುತ್ತದೆ. ಇದನ್ನು ಕುಣಿಕೆ ಹುರಿ ಎನ್ನೋಣ. ಇನ್ನೊಂದರ ತುದಿಯಲ್ಲಿ ಗಂಟು. ಇದು ಗಂಟಿನ ಹುರಿ. ಎಸೆದಾಗ ಗಂಟು ಕೈಬಿಡುತ್ತದೆ, ಕುಣಿಕೆ ಬೆರಳಲ್ಲೇ ಉಳಿಯುತ್ತದೆ. ಉಂಡೆ ಕೂರುವ ನಡುಭಾಗ ತೊಟ್ಟಿಲು.

ಉದ್ದ ಎಷ್ಟಿರಬೇಕು? ಎರಡೂ ತುದಿ ಸೇರಿಸಿ ಹಿಡಿದಾಗ ಕೈಯಿಂದ ತೊಟ್ಟಿಲಿನ ತಳಕ್ಕೆ 60ರಿಂದ 65 ಸೆಂ.ಮೀ. ಐದೂವರೆ ಅಡಿ ಎತ್ತರದವರು ಕೈ ಇಳಿಬಿಟ್ಟು ನಿಂತರೆ ತೊಟ್ಟಿಲು ನೆಲದಿಂದ ಸುಮಾರು ನಾಲ್ಕು ಬೆರಳು ಮೇಲಿರುತ್ತದೆ. ಎತ್ತರ ಬೇರೆಯಾದರೆ ಆ ನಾಲ್ಕು ಬೆರಳನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಉದ್ದ ಹೆಚ್ಚಿದಷ್ಟು ದೂರ ಹೆಚ್ಚು, ಹದ ಸಿಗುವುದು ನಿಧಾನ. ಅಮೆರಿಕದ ಲ್ಯಾರಿ ಬ್ರೇ 1981ರಲ್ಲಿ 52 ಗ್ರಾಂ ಕಲ್ಲನ್ನು 437 ಮೀಟರ್ ಎಸೆದದ್ದು 129.5 ಸೆಂ.ಮೀ. ಕವಣೆಯಲ್ಲಿ, ಡೇವಿಡ್ ಎಂಗ್ವಾಲ್ 1992ರಲ್ಲಿ 62 ಗ್ರಾಂ ಬಾಣದಂಥ ವಸ್ತುವನ್ನು 477 ಮೀಟರ್ ದಾಟಿಸಿದ್ದು 127 ಸೆಂ.ಮೀ. ಕವಣೆಯಲ್ಲಿ. ಅದು ದಾಖಲೆ ಮಾಡುವವರ ಅಳತೆ. ಸ್ಪೇನಿಗೆ ಸೇರಿದ ಬಾಲೆಯಾರಿಕ್ ದ್ವೀಪಗಳ ಹಳೆಯ ಕವಣೆಗಾರರು ದೂರಕ್ಕೆ ತಕ್ಕಂತೆ ಬೇರೆ ಬೇರೆ ಉದ್ದದ ಮೂರು ಕವಣೆ ಇಟ್ಟುಕೊಳ್ಳುತ್ತಿದ್ದರಂತೆ. ಅಲ್ಲಿ ಇಂದಿಗೂ ಕವಣೆ ಸ್ಪರ್ಧೆ ನಡೆಯುತ್ತದೆ. ಕಲಿಯುವವರಿಗೆ ಒಂದೇ ಸಾಕು. ಮೊದಲ ಮೂರು ತಿಂಗಳು ಅದರ ಉದ್ದ ಬದಲಿಸಬೇಡಿ.

ಮಾಡುವ ಬಗೆ

ಬೇಕಾಗುವುದು ಇಷ್ಟು: 4 ಮಿ.ಮೀ. ದಪ್ಪದ ಹೆಣೆದ ನೂಲಿನ ಹಗ್ಗ, 1.1 ಮೀಟರಿನ ಎರಡು ತುಂಡು. ಹಳೆಯ ಜೀನ್ಸ್ ಬಟ್ಟೆ, ಇಲ್ಲವೇ ಹಳೆಯ ಬ್ಯಾಗಿನ 2 ಮಿ.ಮೀ. ದಪ್ಪದ ಮೆತ್ತನೆಯ ಚರ್ಮ. ದಪ್ಪ ಸೂಜಿ, ಗಟ್ಟಿ ದಾರ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬೇಡ. ಅದು ಭಾರಕ್ಕೆ ಹಿಗ್ಗುತ್ತದೆ, ಬೆರಳ ಸಂದಿಯಲ್ಲಿ ಜಾರುತ್ತದೆ, ಗಂಟು ತಾನೇ ಸಡಿಲವಾಗುತ್ತದೆ. ಪ್ಯಾರಾಕಾರ್ಡ್ (ಪ್ಯಾರಾಚೂಟ್ ಹಗ್ಗ) ಇದ್ದರೆ ನಡೆಯುತ್ತದೆ, ಗಂಟಿನ ತುದಿಗಳನ್ನು ಮಾತ್ರ ಬೆಂಕಿಗೆ ಹಿಡಿದು ಕರಗಿಸಿ ಒತ್ತಿ.

ತೊಟ್ಟಿಲಿಗೆ 18 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ತುಂಡನ್ನು ಎಲೆಯಾಕಾರಕ್ಕೆ ಕತ್ತರಿಸಿ. ಎರಡೂ ತುದಿ 3 ಸೆಂ.ಮೀ.ಗೆ ಕಿರಿದಾಗಲಿ. ಜೀನ್ಸ್ ಆದರೆ ಎರಡು ಪದರ ಮಾಡಿ ಸುತ್ತ ಹೊಲಿಯಿರಿ, ಇಲ್ಲದಿದ್ದರೆ ಒಂದು ವಾರದಲ್ಲಿ ಅಂಚು ಜಾಳುಜಾಳಾಗುತ್ತದೆ. ನಟ್ಟನಡುವೆ ಉದ್ದಕ್ಕೆ 6 ಸೆಂ.ಮೀ. ಸೀಳು ಕೊಡಿ. ಈ ಸೀಳು ಸಣ್ಣ ಸಂಗತಿಯಂತೆ ಕಂಡರೂ ಇದರಿಂದಲೇ ತೊಟ್ಟಿಲು ಉಂಡೆಯನ್ನು ಎರಡೂ ಕಡೆಯಿಂದ ತಬ್ಬಿ ಹಿಡಿಯುವುದು. ಸೀಳಿಲ್ಲದ ಚಪ್ಪಟೆ ತೊಟ್ಟಿಲಿನಿಂದ ಚೆಂಡು ಅರ್ಧ ಸುತ್ತಿನಲ್ಲೇ ಉರುಳಿಹೋಗುತ್ತದೆ. ಬಟ್ಟೆಯಾದರೆ ಸೀಳಿನ ಅಂಚಿಗೂ ಕಾಜಾ ಹೊಲಿಗೆ ಹಾಕಿ, ಸೀಳಿನ ಎರಡು ಕೊನೆಗಳಿಗೆ ಹೆಚ್ಚುವರಿ ನಾಲ್ಕು ಹೊಲಿಗೆ ಬೀಳಲಿ, ಹರಿಯುವುದು ಅಲ್ಲಿಂದಲೇ.

ತುದಿಯಿಂದ ಒಂದೂವರೆ ಸೆಂ.ಮೀ. ಒಳಗೆ ತೂತು ಮಾಡಿ ಹುರಿ ಪೋಣಿಸಿ ಭದ್ರವಾಗಿ ಕಟ್ಟಿ. ಚರ್ಮಕ್ಕೆ ತೂತು ಹೊಡೆಯುವುದು ಮನೆಯಲ್ಲಿ ಕಷ್ಟವಾದರೆ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ನಿಮಿಷದ ಕೆಲಸ. ಆಮೇಲೆ ಒಂದು ಹುರಿಯ ತುದಿಯಲ್ಲಿ ಕುಣಿಕೆ ಹಾಕಿ. ಎಳೆದರೆ ಬಿಗಿಯುವ ಜೀರುಕುಣಿಕೆ ಆಗಲೇಬಾರದು, ಬೆರಳಿನ ರಕ್ತ ಕಟ್ಟುತ್ತದೆ. ಉಂಗುರದಂತೆ ಸುಲಭವಾಗಿ ಹಾಕಿ ತೆಗೆಯುವಷ್ಟು, ಆದರೆ ಕೈ ಕೊಡವಿದರೆ ಬೀಳದಷ್ಟು ಇರಲಿ.

ಗಂಟನ್ನು ಕೊನೆಗೆ ಹಾಕಬೇಕು, ಕವಣೆ ಕೈಯಲ್ಲಿ ಹಿಡಿದೇ ಹಾಕಬೇಕು. ಕುಣಿಕೆಯನ್ನು ನಡುಬೆರಳಿಗೆ ಹಾಕಿ, ತೊಟ್ಟಿಲಲ್ಲಿ ಚೆಂಡಿಟ್ಟು ಇಳಿಬಿಡಿ. ಇನ್ನೊಂದು ಹುರಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ತೊಟ್ಟಿಲು ವಾಲದೆ ಸಮನಾಗಿ ತೂಗುವವರೆಗೆ ಮೇಲೆ ಕೆಳಗೆ ಸರಿಸಿ. ಸಮ ಬಂದ ಕಡೆ ಗಂಟು. ಬರೀ ಟೇಪಿನಲ್ಲಿ ಅಳೆದು ಎರಡೂ ಹುರಿ ಒಂದೇ ಉದ್ದ ಮಾಡಿದರೆ, ಬೆರಳುಗಳ ಜಾಗ ಬೇರೆಯಾದ್ದರಿಂದ ತೊಟ್ಟಿಲು ಒಂದು ಕಡೆಗೆ ಬಗ್ಗುತ್ತದೆ, ಉಂಡೆ ಆ ಕಡೆಯಿಂದ ಜಾರುತ್ತದೆ. ಗಂಟು ಕಡಲೆಕಾಳಿಗಿಂತ ತುಸು ದೊಡ್ಡದಿರಲಿ. ಅಡಿಕೆಯಷ್ಟಾದರೆ ಬಿಡುವಾಗ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಗಂಟಿನಾಚೆ ನಾಲ್ಕು ಬೆರಳಷ್ಟು ಹುರಿ ಉಳಿಸಿ ಎಳೆ ಬಿಡಿಸಿ ಕುಚ್ಚು ಮಾಡಿದರೆ, ಎಸೆದಾಗ ಚಾಟಿಯಂತೆ ಚಟ್ ಎನ್ನುತ್ತದೆ. ಹೊಲ ಕಾಯುವಾಗ ಕಲ್ಲಿಗಿಂತ ಆ ಸದ್ದಿಗೇ ಹಕ್ಕಿ ಏಳುತ್ತದೆ. ಗುರಿ ಕಲಿಯಲು ಅದು ಅಗತ್ಯವಿಲ್ಲ, ಕೇಳಲು ಮಾತ್ರ ಹಿತ.

ಬಯಲಿಗೆ ಹೋಗುವ ಮೊದಲು ಎರಡೂ ತುದಿ ಒಟ್ಟಿಗೆ ಹಿಡಿದು, ತೊಟ್ಟಿಲಿಗೆ 10 ಲೀಟರ್ ನೀರು ತುಂಬಿದ ಬಕೆಟ್ಟಿನ ಹಿಡಿ ಸಿಕ್ಕಿಸಿ ಎತ್ತಿ ನೋಡಿ. 60 ಗ್ರಾಂ ಉಂಡೆಗೆ ಇಷ್ಟೇಕೆ ಎನಿಸಬಹುದು. ಮೇಲೆ ಹೇಳಿದ ವೇಗದಲ್ಲಿ ಆ 60 ಗ್ರಾಂ ಹುರಿಯನ್ನು ಸುಮಾರು 4 ಕಿಲೋ ತೂಗಿದಂತೆ ಎಳೆಯುತ್ತದೆ, ತನ್ನ ತೂಕದ ಅರವತ್ತು ಪಟ್ಟಿಗೂ ಹೆಚ್ಚು. ಬಕೆಟ್ ಎತ್ತಿದಾಗ ಜಾರದ ಗಂಟು ಬೀಸಿದಾಗಲೂ ಜಾರದು.

ನೂಲಿನ ಕವಣೆ ಕೈಗೆ ಒಗ್ಗಿದ ಮೇಲೆ ನಾರಿನದು ಹೆಣೆಯಬಹುದು. ಪುಂಡಿ ನಾರು, ಸೆಣಬು, ಕತ್ತಾಳೆ ನಾರು ಮೂರೂ ಆಗುತ್ತವೆ. ಪೇಟೆಯಲ್ಲಿರುವವರಿಗೆ ದಿನಸಿ ಅಂಗಡಿಯ ಸುತಲಿ ಸಾಕು. ಸುತಲಿಯ ಒಂದೂವರೆ ಮೀಟರಿನ ಎಳೆಗಳನ್ನು ಎರಡೆರಡು ಜೋಡಿಸಿ, ಜಡೆ ಹೆಣೆದಂತೆ ಮೂರು ಕಾಲಿನಲ್ಲಿ ಬಿಗಿಯಾಗಿ ಹೆಣೆದರೆ 1.1 ಮೀಟರಿನ ಹುರಿ ಸಿಗುತ್ತದೆ. ನಾರಿನ ಹುರಿ ಹಿಗ್ಗುವುದಿಲ್ಲ, ಬೆವರಿದ ಕೈಗೂ ಹಿಡಿತ ಕೊಡುತ್ತದೆ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ಟುಟಾಂಖಾಮೂನ್ ಗೋರಿಯಲ್ಲಿ ಸಿಕ್ಕಿದ ಕವಣೆಗಳೂ ಹೆಣೆದ ಅಗಸೆನಾರಿನವೇ, ಬೆರಳಿನ ಕುಣಿಕೆ ಸಮೇತ.

ಏನನ್ನು ಎಸೆಯುವುದು

ಮೊದಲ ತಿಂಗಳು ಟೆನ್ನಿಸ್ ಚೆಂಡು, ಬೇರೇನೂ ಅಲ್ಲ. ತೂಕ 56ರಿಂದ 59 ಗ್ರಾಂ, ಎಲ್ಲವೂ ಒಂದೇ ಗಾತ್ರ, ಯಾರಿಗಾದರೂ ತಾಗಿದರೂ ಮೂಳೆ ಮುರಿಯದು (ಕಣ್ಣಿಗೆ ಬಿದ್ದರೆ ಅಪಾಯವೇ). ಗಾಳಿ ತಡೆಯುವುದರಿಂದ ಬಹಳ ದೂರವೂ ಹೋಗದು. ಐದಾರು ಚೆಂಡು ಇಟ್ಟುಕೊಳ್ಳಿ. ಒಂದೇ ಚೆಂಡಾದರೆ ಎಸೆಯುವುದಕ್ಕಿಂತ ಹುಡುಕುವುದೇ ಹೆಚ್ಚಾಗುತ್ತದೆ.

ಆಮೇಲೆ ಮಣ್ಣಿನ ಉಂಡೆ. ಕೆರೆಯ ಜೇಡಿಮಣ್ಣನ್ನು ಕಲ್ಲು, ಬೇರು ಆರಿಸಿ, ಸ್ವಲ್ಪ ಸಣ್ಣ ಹೊಟ್ಟು ಬೆರೆಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. 75 ಗ್ರಾಂ ತೂಗಿ ತೂಗಿ ಉಂಡೆ ಕಟ್ಟಿ. ಮೂರು ನಾಲ್ಕು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಿಸಿದರೆ ಹೆಚ್ಚುಕಡಿಮೆ 60 ಗ್ರಾಮಿಗೆ ಇಳಿಯುತ್ತದೆ. ಕಟ್ಟಿದ ದಿನವೇ ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಅಂಥ ಉಂಡೆ ಸುತ್ತುವಾಗಲೇ ಒಡೆದು ಮುಖಕ್ಕೆ ಬರುತ್ತದೆ. ಒಳ್ಳೆಯ ಉಂಡೆ ಗುರಿಗೆ ತಾಗಿ ಪುಡಿಯಾಗುತ್ತದೆ, ಪುಟಿಯುವುದಿಲ್ಲ, ತಾಗಿದ ಕಡೆ ಮಣ್ಣಿನ ಗುರುತು ಬಿಡುತ್ತದೆ, ಹೊಲದಲ್ಲಿ ಉಳಿದರೂ ಯಾರಿಗೂ ತೊಂದರೆಯಿಲ್ಲ. ನಮ್ಮ ಮಟ್ಟಿಗೆ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ; ಕಲ್ಲಿಗೆ ಹೋಗಲೇಬೇಕೆಂದಿಲ್ಲ.

ಕಲ್ಲೇ ಬೇಕೆಂದರೆ ಹೊಳೆದಂಡೆಯ ನುಣುಪು ಕಲ್ಲು, 60ರಿಂದ 90 ಗ್ರಾಂ. ಇಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ಕೋಳಿಮೊಟ್ಟೆ ಗಾತ್ರದ ಕಲ್ಲು 60 ಗ್ರಾಂ ಅಲ್ಲ, 140 ಗ್ರಾಮಿನ ಹತ್ತಿರ ಬರುತ್ತದೆ. ನಿಂಬೆಹಣ್ಣಿನಷ್ಟಿದ್ದರೆ ಸುಮಾರು 85. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದು ದಿನದ ಕಲ್ಲುಗಳಲ್ಲಿ 5 ಗ್ರಾಮಿಗಿಂತ ವ್ಯತ್ಯಾಸ ಇರದಂತೆ ಆರಿಸಿ. ಮೂಲೆ ಚೂಪಿರುವ ಜಲ್ಲಿ ತೊಟ್ಟಿಲು ಹರಿಯುತ್ತದೆ, ಹಾರುವಾಗ ಓಲಾಡುತ್ತದೆ. ಗೋಲಿ, ಕಬ್ಬಿಣದ ಗುಂಡು ಪುಟಿಯುತ್ತವೆ. ಹಳೆಯ ಕಾಲದ ಸೈನಿಕರು ಸೀಸದ ಗುಂಡು ಬಳಸುತ್ತಿದ್ದರು, ಕೆಲವದರ ಮೇಲೆ 'ತಗೋ' ಎಂಬರ್ಥದ ಗ್ರೀಕ್ ಪದವನ್ನೂ ಅಚ್ಚೊತ್ತುತ್ತಿದ್ದರು. ಸೀಸ ಕೈಗೂ ಮಣ್ಣಿಗೂ ವಿಷ, ಮುಟ್ಟುವುದು ಬೇಡ.

ಹಿಡಿತ ಮತ್ತು ನಿಲುವು

ಬಲಗೈಯವರಿಗೆ ಹೇಳುತ್ತಿದ್ದೇವೆ, ಎಡಗೈಯವರು ಎಡಬಲ ತಿರುಗಿಸಿ ಓದಿಕೊಳ್ಳಿ. ಕುಣಿಕೆಯನ್ನು ನಡುಬೆರಳಿನ ಬುಡದವರೆಗೆ ತಳ್ಳಿ. ಗಂಟನ್ನು ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ನಡುವೆ ಹಿಡಿಯಿರಿ, ಬೀಗದಕೈ ಹಿಡಿದಂತೆ. ಹಿಡಿತ ಬೀಳದಷ್ಟು ಇದ್ದರೆ ಸಾಕು. ಬೆರಳು ಬಿಳಿಚುವಷ್ಟು ಒತ್ತಿದರೆ ಬಿಡುವುದು ತಡವಾಗುತ್ತದೆ. ಉಂಗುರ, ಗಡಿಯಾರ, ಕೈದಾರ ತೆಗೆದಿಡಿ. ತೊಟ್ಟಿಲೊಳಗೆ ಉಂಡೆ ನಟ್ಟನಡುವೆ ಕೂರಲಿ, ಹುರಿಗಳು ಒಂದಕ್ಕೊಂದು ಹೊಸೆದುಕೊಂಡಿಲ್ಲವೇ ನೋಡಿ.

ಗುರಿಗೆ ಎಡಭುಜ ಕೊಟ್ಟು ನಿಲ್ಲಿ. ಎಡಗಾಲು ಮುಂದೆ, ಬಲಗಾಲು ಹಿಂದೆ, ನಡುವೆ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು ಅಂತರ. ತೂಕ ಬಲಗಾಲ ಮೇಲಿರಲಿ. ಎಡಗಾಲಿನ ಬೆರಳಿಂದ ಗುರಿಯವರೆಗೆ ನೆಲದಲ್ಲಿ ಒಂದು ಗೆರೆ ಎಳೆದುಕೊಂಡರೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲಬಹುದು.

ಕೈಕೆಳಗಿನ ಎಸೆತ

ಬಿಡುವುದೆಂದರೇನು ಎಂದು ಬೆರಳಿಗೆ ತಿಳಿಸಲು ಇದು ಸುಲಭ. ದೇಹದ ಬಲಪಕ್ಕದಲ್ಲಿ ಗಾಡಿಚಕ್ರದಂತೆ ನೆಟ್ಟಗೆ ಸುತ್ತು. ಕೆಳಗೆ ಬಂದಾಗ ಚೆಂಡು ಮುಂದಕ್ಕೆ ಸಾಗುತ್ತಿರಬೇಕು. ಚೆಂಡು ಕೆಳಗಿನ ತುದಿ ದಾಟಿ ಸ್ವಲ್ಪ ಮೇಲೇಳುವಾಗ ಬಿಡಿ. ಬೇಗ ಬಿಟ್ಟರೆ ಕಾಲ ಮುಂದಿನ ನೆಲಕ್ಕೆ ಬಡಿಯುತ್ತದೆ, ತಡವಾದರೆ ನೆತ್ತಿಯ ಮೇಲಕ್ಕೆ, ಇನ್ನೂ ತಡವಾದರೆ ಹಿಂದಕ್ಕೆ. ಸೆಕೆಂಡಿಗೆ 25 ಮೀಟರಿನಲ್ಲಿ ನೇರ ಮೇಲೇರಿದ್ದು ಕೆಳಗೆ ಬರಲು ಸುಮಾರು 5 ಸೆಕೆಂಡ್ ಹಿಡಿಯುತ್ತದೆ. ಅದು ಎಲ್ಲಿ ಹೋಯಿತೆಂದು ಬಾಯಿ ತೆರೆದು ಮೇಲೆ ನೋಡುತ್ತಾ ನಿಲ್ಲುವುದು ಎಲ್ಲರೂ ಮಾಡುವ ಕೆಲಸ. ನೋಡಬೇಡಿ, ಜೊತೆಯವರಿಗೆ ಕೇಳುವಂತೆ "ಮೇಲೆ!" ಎಂದು ಕೂಗಿ, ತಲೆಗೆ ಎರಡೂ ಕೈ ಅಡ್ಡ ಇಟ್ಟು ಬಗ್ಗಿ. ಮಣ್ಣುಂಡೆ, ಕಲ್ಲಿನ ಮೊದಲ ದಿನಗಳಲ್ಲಿ ಬೈಕಿನ ಹೆಲ್ಮೆಟ್ ಹಾಕಿಕೊಂಡರೆ ನಾಚಿಕೆಯೇನಿಲ್ಲ.

ಎರಡು ಮೂರು ದಿನ, ದಿನಕ್ಕೆ ಇಪ್ಪತ್ತು ಎಸೆತ ಇದನ್ನು ಮಾಡಿದರೆ ಸಾಕು. ಗುರಿ ಬೇಡ, ಚೆಂಡು ಮುಂದಕ್ಕೆ ಹೋದರೆ ಆಯಿತು.

ತಲೆಮೇಲಿನ ಒಂದು ಸುತ್ತು

ನಿಜವಾದ ಅಭ್ಯಾಸ ಇದರಲ್ಲಿ. ಎಡಗೈಯಲ್ಲಿ ಚೆಂಡು ತುಂಬಿದ ತೊಟ್ಟಿಲನ್ನು ಎದೆಯೆತ್ತರಕ್ಕೆ, ಗುರಿಯ ಕಡೆಗೆ ಚಾಚಿ ಹಿಡಿಯಿರಿ. ಬಲಗೈ ಬಲಭುಜದ ಹತ್ತಿರ. ಹುರಿ ಸಡಿಲವಿರಬಾರದು, ಸಡಿಲವಿದ್ದರೆ ಹೊರಡುವಾಗಲೇ ಜಗ್ಗು ಬಿದ್ದು ಚೆಂಡು ಉರುಳುತ್ತದೆ.

ತೊಟ್ಟಿಲನ್ನು ಎಡಗೈಯಿಂದ ಮೆಲ್ಲಗೆ ಮುಂದಕ್ಕೆ, ಮೇಲಕ್ಕೆ ಚಿಮ್ಮಿ. ಅದೇ ಹೊತ್ತಿಗೆ ಬಲಗೈ ತಲೆಗಿಂತ ಮೇಲೇರಲಿ. ತೊಟ್ಟಿಲು ಮುಂದಿನಿಂದ ಎಡಕ್ಕೆ, ಎಡದಿಂದ ತಲೆಯ ಹಿಂದಕ್ಕೆ, ಹಿಂದಿನಿಂದ ಬಲಕ್ಕೆ ಬರುತ್ತದೆ. ಮೇಲಿನಿಂದ ನೋಡಿದವರಿಗೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದಂತೆ. ತಲೆಯ ಹಿಂದೆ ಹೋಗುವವರೆಗೆ ಅವಸರ ಬೇಡ, ಅದು ಬರೀ ದಾರಿ. ಹಿಂದೆ ದಾಟಿದ ಮೇಲೆ ಬಲಗಾಲಿನ ತೂಕ ಎಡಗಾಲಿಗೆ, ಸೊಂಟ ಗುರಿಯ ಕಡೆಗೆ, ಮೊಣಕೈ ಮೊದಲು, ಮುಂಗೈ ಆಮೇಲೆ. ಬೌಂಡರಿಯಿಂದ ವಿಕೆಟ್‌ಕೀಪರಿಗೆ ಚೆಂಡು ಎಸೆಯುವ ಕೈಯೋಟವೇ ಇದು. ಕೈ ಗುರಿಯ ಕಡೆ ಚಾಚಿದಾಗ ಹೆಬ್ಬೆರಳು ಸಡಿಲಿಸಿ. ಆಗ ಚೆಂಡು ನಿಮ್ಮ ಬಲಪಕ್ಕದಲ್ಲಿ ಮುಂದಕ್ಕೆ ನುಗ್ಗುತ್ತಿರುತ್ತದೆ. ಬಿಟ್ಟ ಮೇಲೆ ಕೈ ನಿಲ್ಲಿಸದೆ ಎಡಸೊಂಟದವರೆಗೆ ಇಳಿಯಲು ಬಿಡಿ.

ಒಂದೇ ಸುತ್ತು. ಸಿನಿಮಾದಲ್ಲಿ ತೋರಿಸುವಂತೆ ಗಿರಗಿರನೆ ನಾಲ್ಕೈದು ಸುತ್ತು ಸುತ್ತಿದರೆ ವೇಗ ಹೆಚ್ಚುವುದಿಲ್ಲ. ವೇಗ ಬರುವುದು ಕೊನೆಯ ಅರ್ಧ ಸುತ್ತಿನಲ್ಲಿ ಕಾಲು, ಸೊಂಟ, ಭುಜ ಸೇರಿ ಕೊಡುವ ತಳ್ಳುವಿಕೆಯಿಂದ. ಸುತ್ತು ಹೆಚ್ಚಿದಷ್ಟು ಅದರ ಮಟ್ಟ ಓಲಾಡುತ್ತದೆ, ಯಾವ ಸುತ್ತಿನಲ್ಲಿ ಬಿಡಬೇಕೆಂಬ ಗೊಂದಲ ಬೇರೆ. ರೋಮನ್ ಸೈನಿಕರ ತರಬೇತಿಯ ಬಗ್ಗೆ ಬರೆದ ವೆಜಿಟಿಯಸ್ ಕೂಡ ತಲೆಯ ಸುತ್ತ ಒಂದೇ ಸಲ ತಿರುಗಿಸಿ ಬಿಡಬೇಕು ಎಂದೇ ಹೇಳಿದ್ದಾನೆ.

ಉಂಡೆ ಹೋದ ದಾರಿ ಓದುವುದು

ಗುರಿ ತಪ್ಪಿದ್ದಕ್ಕೆ ಬೇಸರಪಡುವ ಬದಲು ಎಲ್ಲಿಗೆ ತಪ್ಪಿತೆಂದು ನೋಡಿ, ಏಕೆ ತಪ್ಪಿತೆಂಬುದು ಅದರಲ್ಲೇ ಇದೆ. ತಲೆಮೇಲಿನ ಸುತ್ತಿನಲ್ಲಿ ಬಲಗೈಯವರ ಉಂಡೆ ಬಲಕ್ಕೆ ಹೋದರೆ ಬೇಗ ಬಿಟ್ಟಿರಿ, ಎಡಕ್ಕೆ ಹೋದರೆ ತಡವಾಗಿ ಬಿಟ್ಟಿರಿ. ಹೆಚ್ಚಿನವರದು ಎಡಕ್ಕೆ ಹೋಗುತ್ತದೆ, ಏಕೆಂದರೆ ಹೆಚ್ಚಿನವರು ಗಂಟನ್ನು ಬಿಗಿ ಹಿಡಿಯುತ್ತಾರೆ. ಮೊದಲು ಹಿಡಿತ ಸಡಿಲಿಸಿ. ಅದರಿಂದ ಸರಿಹೋಗದಿದ್ದರೆ ಗಂಟು ಚಿಕ್ಕದು ಮಾಡಿ. ಆಮೇಲೂ ಎಡಕ್ಕೇ ಹೋದರೆ ನಿಲುವು ಬದಲಿಸಿ, ಎಡಪಾದವನ್ನು ಒಂದು ಅಂಗುಲ ಬಲಕ್ಕೆ ಇಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯದು. ಬೆವರು, ಇಬ್ಬನಿ, ಸೋನೆಯಲ್ಲಿ ನೂಲಿನ ಗಂಟು ಉಬ್ಬಿ ಕೈಗೆ ಅಂಟುತ್ತದೆ. ಹಾಗಾದ ದಿನ ಎಲ್ಲ ಎಸೆತವೂ ಎಡಕ್ಕೆ ಎಳೆಯುತ್ತದೆ. ಅದು ನಿಮ್ಮ ತಪ್ಪಲ್ಲ, ಕೈ ಒರೆಸಿಕೊಳ್ಳಿ, ಇಲ್ಲವೇ ಒಣಗಿದ ಇನ್ನೊಂದು ಕವಣೆ ತೆಗೆಯಿರಿ.

ಉಂಡೆ ಗುರಿಯ ಮೇಲಕ್ಕೋ ಕೆಳಕ್ಕೋ ಹೋದರೆ ಸುತ್ತಿನ ಮಟ್ಟ ವಾಲಿದೆ ಎಂದರ್ಥ. ಹಿಂದೆ ತಗ್ಗಿ ಮುಂದೆ ಎದ್ದಿದ್ದರೆ ಮೇಲಕ್ಕೆ, ಹಿಂದೆ ಎದ್ದು ಮುಂದೆ ತಗ್ಗಿದ್ದರೆ ನೆಲಕ್ಕೆ. ಪಕ್ಕದಲ್ಲಿ 20 ಮೀಟರ್ ದೂರಕ್ಕೆ ಒಬ್ಬರನ್ನು ನಿಲ್ಲಿಸಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದರೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲ ವಾರಗಳಲ್ಲಿ ಪಕ್ಕವೂ ಅಪಾಯದ ದಿಕ್ಕೇ. ಆದ್ದರಿಂದ ಮನುಷ್ಯರ ಬದಲು ಕೋಲಿಗೆ ಮೊಬೈಲ್ ಕಟ್ಟುವುದು ಜಾಣತನ.

ಚೆಂಡು ತಲೆಯ ಹಿಂದೆಯೇ ಬಿದ್ದುಹೋದರೆ ಸುತ್ತು ನಡುವೆ ನಿಧಾನವಾಗಿದೆ, ಇಲ್ಲವೇ ತೊಟ್ಟಿಲು ಸಮವಿಲ್ಲ. ಹುರಿ ಕುತ್ತಿಗೆಗೋ ಕಿವಿಗೋ ಬಡಿದರೆ ಕೈ ತಲೆಗಿಂತ ಕೆಳಗಿದೆ. ತೊಟ್ಟಿಲು ತಿರುಚಿಕೊಂಡು ಉಂಡೆ ಹೊರಡದಿದ್ದರೆ ಹುರಿಗಳು ಮೊದಲೇ ಹೊಸೆದುಕೊಂಡಿದ್ದವು. ಆಗ ಸುತ್ತು ನಿಲ್ಲಿಸಲು ಕೈ ಎಳೆದುಕೊಳ್ಳಬೇಡಿ, ಉಂಡೆ ಮೈಗೆ ಬಂದು ಬಡಿಯುತ್ತದೆ. ಮೊಣಕಾಲು ಬಗ್ಗಿಸಿ, ತೊಟ್ಟಿಲನ್ನು ನಿಧಾನವಾಗಿ ಮುಂದಿನ ನೆಲಕ್ಕೆ ಇಳಿಸಿ. ಕುಣಿಕೆ ಸಡಿಲವಿದ್ದರೆ ಉಂಡೆಯ ಜೊತೆ ಕವಣೆಯೂ ಹಾರಿಹೋಗುತ್ತದೆ. ಹೊಲದಲ್ಲಿ ಮಣ್ಣುಬಣ್ಣದ ಹುರಿ ಹುಡುಕುವುದು ಸಾಕುಸಾಕಾಗುವ ಕೆಲಸ; ತೊಟ್ಟಿಲಿಗೆ ಒಂದು ಕೆಂಪು ದಾರ ಹೊಲಿದಿಡಿ.

ಗುರಿ ಮತ್ತು ದಿನದ ಅಭ್ಯಾಸ

ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಗೋಣಿತಾಟು ಅಥವಾ ಹಳೆಯ ಜಮಖಾನೆಯನ್ನು ಸಡಿಲವಾಗಿ ಇಳಿಬಿಡಿ. ಬಿಗಿದು ಕಟ್ಟಿದರೆ ಚೆಂಡು ಪುಟಿದು ವಾಪಸ್ ಬರುತ್ತದೆ. ಅಗಲ, ಎತ್ತರ 120 ಸೆಂ.ಮೀ., ನಡುವೆ 50 ಸೆಂ.ಮೀ. ಸುಣ್ಣದ ಚಕ್ರ. 10 ಮೀಟರಿನಿಂದ ಶುರು ಮಾಡಿ. ಒಂದು ಸಲಕ್ಕೆ 25ರಿಂದ 30 ಎಸೆತ, ವಾರಕ್ಕೆ ಮೂರು ದಿನ. ಅದಕ್ಕಿಂತ ಹೆಚ್ಚಾದರೆ ಭುಜ ದಣಿದು ಕೈ ತಗ್ಗುತ್ತದೆ, ತಗ್ಗಿದ ಕೈಯಲ್ಲಿ ತಪ್ಪೇ ರೂಢಿಯಾಗುತ್ತದೆ. ಶುರುವಿಗೆ ಮೊದಲು ಚೆಂಡಿಲ್ಲದ ಕವಣೆಯಿಂದ ಹತ್ತು ಸಲ ಮೆಲ್ಲಗೆ ಬೀಸಿ ಭುಜ ಬಿಸಿ ಮಾಡಿಕೊಳ್ಳಿ. ಭುಜದಲ್ಲಾಗಲಿ ಮೊಣಕೈಯಲ್ಲಾಗಲಿ ಚುಚ್ಚು ನೋವು ಬಂದರೆ ಅಂದಿಗೆ ಮುಗಿಸಿ.

ಕಣ್ಣಿಗೆ ಗಟ್ಟಿ ಪ್ಲಾಸ್ಟಿಕ್ ಕನ್ನಡಕ ಇರಲಿ. ಬಿಟ್ಟ ಹುರಿಯ ತುದಿ ಹಿಂದಿರುಗಿ ಮುಖಕ್ಕೆ ಬಡಿಯುವುದುಂಟು. ಜೊತೆಯಲ್ಲಿ ಬಂದವರು ಎಲ್ಲರೂ ಎಸೆಯುವವರ ಹಿಂದೆ, ದೂರದಲ್ಲಿ, ಮರದ ಬೊಡ್ಡೆಯಂಥ ಮರೆಯಲ್ಲಿ ನಿಲ್ಲಲಿ. ಒಬ್ಬರ ಸರದಿ ಪೂರ್ತಿ ಮುಗಿದು ಕವಣೆ ನೆಲದ ಮೇಲಿಟ್ಟ ಮೇಲೆಯೇ ಚೆಂಡು ಆರಿಸಲು ಹೋಗುವುದು. ಮಕ್ಕಳು ಇರುವಲ್ಲಿ ಈ ಒಂದು ನಿಯಮಕ್ಕೆ ವಿನಾಯಿತಿ ಬೇಡ.

ಪುಸ್ತಕದಲ್ಲಿ ಪ್ರತಿ ಎಸೆತಕ್ಕೂ ಒಂದು ಗುರುತು ಹಾಕಿ: ಬಲ, ಎಡ, ಮೇಲೆ, ಕೆಳಗೆ, ತಾಟು, ಚಕ್ರ. 30ರಲ್ಲಿ 20 ತಾಟಿಗೆ ತಾಗುವುದು ಮೂರು ದಿನ ಸತತ ಬಂದರೆ 15 ಮೀಟರಿಗೆ, ಆಮೇಲೆ 20ಕ್ಕೆ ಸರಿಯಿರಿ. ಚೆಂಡಿನಿಂದ ಮಣ್ಣುಂಡೆಗೆ ಬದಲಿಸಿದಾಗ ದೂರವನ್ನು ಮತ್ತೆ 10 ಮೀಟರಿಗೆ ಇಳಿಸಿ. ಉಂಡೆ ಚೆಂಡಿಗಿಂತ ಚಿಕ್ಕದು, ತೊಟ್ಟಿಲಿನೊಳಗೆ ಆಳಕ್ಕೆ ಕೂರುತ್ತದೆ, ಹೊರಡುವುದು ಒಂದು ಕೂದಲೆಳೆಯಷ್ಟು ತಡ. ತೊಟ್ಟಿಲು ತೀರಾ ದೊಡ್ಡದೆನಿಸಿದರೆ 14 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ್ದು ಇನ್ನೊಂದು ಹೊಲಿದುಕೊಳ್ಳಿ.

ಸುತ್ತನ್ನು ತುಸು ಓರೆ ಮಾಡಿ, ಬಲಭಾಗ ಮೇಲೆ ಬರುವಂತೆ ಬೀಸುವುದು ಇದರ ಮುಂದಿನ ಹೆಜ್ಜೆ. ಆಗ ಬೇಗ ಬಿಟ್ಟದ್ದು ಬಲಕ್ಕೂ ಮೇಲಕ್ಕೂ, ತಡವಾದದ್ದು ಎಡಕ್ಕೂ ಕೆಳಕ್ಕೂ ಹೋಗುತ್ತದೆ. ಪಕ್ಕಕ್ಕೆ ತಪ್ಪುವುದು ಕಡಿಮೆಯಾಗಿ ಗುರಿ ಬಿಗಿಯಾಗುತ್ತದೆ. 20 ಮೀಟರಿನಲ್ಲಿ ತಾಟು ತಪ್ಪದವರು ಇದಕ್ಕೆ ಕೈ ಹಾಕಲಿ.

ಪ್ರತಿ ದಿನ ಮುಗಿಸಿದಾಗ ಎರಡು ಜಾಗ ನೋಡಿ: ಕುಣಿಕೆಯ ಗಂಟಿನ ಬುಡ, ತೊಟ್ಟಿಲಿಗೆ ಹುರಿ ಸೇರುವ ತೂತು. ಸವೆತ ಕಾಣುವುದು ಅಲ್ಲೇ. ಒಂದು ಎಳೆ ಹರಿದಿದ್ದರೂ ಆ ಹುರಿ ಬದಲಿಸಿ, ತೇಪೆ ಗಂಟು ಹಾಕಿ ಮುಂದುವರಿಸಬೇಡಿ. ಒಂದನ್ನೇ ಬದಲಿಸಿದರೆ ಹೊಸ ಹುರಿ ಹಿಗ್ಗುವ ಪ್ರಮಾಣ ಬೇರೆಯಾಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವುದು ವಾಸಿ. ನೂಲಿನ ಹೊಸ ಹುರಿ ಮೊದಲ ಇಪ್ಪತ್ತು ಎಸೆತಗಳಲ್ಲಿ ಒಂದೆರಡು ಸೆಂ.ಮೀ. ಉದ್ದವಾಗುತ್ತದೆ, ಅಷ್ಟಾದ ಮೇಲೆ ತೊಟ್ಟಿಲು ಸಮನಾಗಿದೆಯೇ ನೋಡಿ ಗಂಟನ್ನು ಬಿಚ್ಚಿ ಮತ್ತೆ ಹಾಕಿ, ಆ ದಿನದ ಲೆಕ್ಕವನ್ನು 10 ಮೀಟರಿನಿಂದಲೇ ಶುರು ಮಾಡಿ.